ಎಷ್ಟು ಟಿಬಿ ಬೇಕು ಭಾವ?

ಎಂಬತ್ತು ಸಾವಿರ ಕೊಟ್ಟು ಲ್ಯಾಪ್‌ಟಾಪ್ ಕೊಳ್ಳುವ ಮಹನೀಯರು ಅದರ ಜತೆಗೇ ಬ್ಯಾಗು, ಮೌಸು, ಪರದೆಗೆ ಗೀರು ಬೀಳದ ಹಾಳೆ, ಕೀಬೋರ್ಡಿಗೆ ಧೂಳು ಕೂರದ ರಬ್ಬರು ಎಲ್ಲವನ್ನೂ ಅಂಗಡಿಯವನು ಹೇಳಿದ ರೇಟಿಗೇ ಎತ್ತಿಕೊಂಡು ಬರುತ್ತಾರೆ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನ ಮಾತು ಬಂತೋ, ಅದೇ ಜನ ದನಿ ತಗ್ಗಿಸಿ, "ಅಗ್ಗದಲ್ಲಿ ಒಳ್ಳೇದು ಒಂದು ಹೇಳು ಮಾರಾಯ" ಅನ್ನುತ್ತಾರೆ. ಲ್ಯಾಪ್‌ಟಾಪು ಕೆಟ್ಟರೆ ಇನ್ನೊಂದು ಬರುತ್ತದೆ, ಮಗುವಿನ ಮೊದಲ ಹುಟ್ಟುಹಬ್ಬದ ಫೋಟೊ ಮತ್ತೆ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿಲ್ಲ ಅಂತಲ್ಲ. ಗೊತ್ತಿದ್ದೂ ಆ ಫೋಟೊ ಇಡುವ ಡಬ್ಬಿಗೆ ಬಂದಾಗ ಮಾತ್ರ ಜೇಬಿನ ಗುಂಡಿ ತಾನಾಗಿ ಬಿಗಿಯುತ್ತದೆ.

ಈ ಪಂಗಡಕ್ಕೆ ಚುನಾವಣೆ ನಡೆದರೆ ಅವಿರೋಧವಾಗಿ ಅಧ್ಯಕ್ಷರಾಗಬಲ್ಲವರು ನಮ್ಮ ಭಾವ, ಅಕ್ಕನ ಯಜಮಾನರು. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು ನಿವೃತ್ತರು. ಜನ್ಮವಿಡೀ ಸಾಲದ ಅರ್ಜಿ ಓದಿ ಓದಿ ಸಹಿ ಮೊಹರು ಇದ್ದ ಯಾವ ಕಾಗದವನ್ನೂ ನಂಬದ, ವಾಟ್ಸಾಪಿನಲ್ಲಿ ಬಂದದ್ದನ್ನು ಮಾತ್ರ ಪೂರ್ತಿ ನಂಬುವ ಅಪರೂಪದ ಜೀವ. ಅವರ ಮಗಳ ಮದುವೆ ಮುಗಿದು, ಬೀಗರ ಔತಣವೂ ಆಗಿ, ಎಲ್ಲರೂ ಉಸ್ಸಪ್ಪಾ ಎಂದು ಕೂತ ಹೊತ್ತಿಗೆ ಫೋಟೊಗ್ರಾಫರ್ ಫೋನ್ ಮಾಡಿದ: "ಸಾರ್, ಆಲ್ಬಂ ರೆಡಿ. ರಾ ಫುಟೇಜ್ ಬೇಕಿದ್ರೆ ಒಂದು ಹಾರ್ಡ್ ಡಿಸ್ಕ್ ತಂದ್ಕೊಡಿ, ಹಾಕ್ಕೊಡ್ತೀನಿ. ನಮ್ಮ ಹತ್ರ ಜಾಸ್ತಿ ದಿನ ಇಟ್ಕೊಳಲ್ಲ." ಮದುವೆ ಖರ್ಚಿನ ಪಟ್ಟಿಯಲ್ಲಿ ಓಲಗ, ಹೂವು, ಚಪ್ಪರ, ತಾಂಬೂಲದ ಚೀಲ ಎಲ್ಲ ಇದ್ದವು. ಹಾರ್ಡ್ ಡಿಸ್ಕ್ ಇರಲಿಲ್ಲ. ಇನ್ನು ಮುಂದೆ ಹೆಣ್ಣು ಹೆತ್ತವರು, ಗಂಡು ಹೆತ್ತವರು ಇಬ್ಬರೂ ಅದನ್ನು ಪಟ್ಟಿಗೆ ಸೇರಿಸಿಕೊಳ್ಳುವುದು ಕ್ಷೇಮ.

"ಒಂದು ಪೆನ್ ಡ್ರೈವ್ ಸಾಲದೇನೋ?" ಎಂದರು ಭಾವ. ಲೆಕ್ಕ ಹಾಕಿ ತೋರಿಸಿದೆ. ಈಗಿನ ಕ್ಯಾಮೆರಾಗಳು 4ಕೆ ವಿಡಿಯೊವನ್ನು ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ಬರೆಯುತ್ತವೆ ಎಂದಿಟ್ಟುಕೊಂಡರೆ ಗಂಟೆಗೆ 45 ಜಿಬಿ. ಆರತಕ್ಷತೆ, ಮುಹೂರ್ತ ಸೇರಿ ಮೂರು ಕ್ಯಾಮೆರಾ ತಲಾ ನಾಲ್ಕು ಗಂಟೆ ಓಡಿದ್ದರೆ 540 ಜಿಬಿ. ಭಾವನ ಲ್ಯಾಪ್‌ಟಾಪಿನ ಒಟ್ಟು ಜಾಗವೇ 512. ಇದರಲ್ಲಿ ಡ್ರೋನು ಸೇರಿಲ್ಲ, ಮೆಹಂದಿ ಸೇರಿಲ್ಲ, ವಧೂವರರು ಯಾವುದೋ ಹೊಳೆಯಲ್ಲಿ ಕಾಲಾಡಿಸುತ್ತಾ ನಾಚಿಕೊಂಡ ಪ್ರೀ-ವೆಡ್ಡಿಂಗು ಸೇರಿಲ್ಲ. ಊಟದ ಪಂಕ್ತಿಯನ್ನೇ ಆ ಹುಡುಗ ಒಂದು ಗಂಟೆ ಹಿಡಿದಿದ್ದಾನೆ. ಯಾರು ಯಾರು ಎಷ್ಟೆಷ್ಟು ಹೋಳಿಗೆ ತಿಂದರು ಎಂಬುದಕ್ಕೆ 45 ಜಿಬಿ ದಾಖಲೆ ನಮ್ಮ ವಂಶದಲ್ಲಿ ಇದೇ ಮೊದಲು.

"ಎರಡು ಟಿಬಿಯದು ತಗೊಳ್ಳಿ ಭಾವ, ಏಳು ಸಾವಿರದ ಆಚೀಚೆ ಆಗಬಹುದು" ಎಂದೆ. ಮರುದಿನ ಬೆಳಿಗ್ಗೆ ಕಾಫಿಗೆ ಮುಂಚೆಯೇ ವಾಟ್ಸಾಪಿನಲ್ಲಿ ಒಂದು ಚಿತ್ರ ಬಂತು. ಕಡುನೀಲಿ ಬಣ್ಣದ ಮುದ್ದಾದ ಡಬ್ಬಿ, 16 ಟಿಬಿ, ಬೆಲೆ 1,499 ರೂಪಾಯಿ, ಮನೆಬಾಗಿಲಿಗೆ ಉಚಿತ ಸಾಗಣೆ. ಕೆಳಗೆ ಭಾವನ ಷರಾ: "ಏಳು ಸಾವಿರದಲ್ಲಿ ನಿನ್ನ ಕಮಿಷನ್ ಎಷ್ಟು?"

ಲ್ಯಾಪ್‌ಟಾಪಿನ ಕೇಬಲ್ಲಿನಿಂದಲೇ ಓಡುವ ಅಂಗೈಯಗಲದ ಹಾರ್ಡ್ ಡಿಸ್ಕು ವರ್ಷಾನುಗಟ್ಟಲೆ 5 ಟಿಬಿಯಲ್ಲೇ ನಿಂತಿತ್ತು. 2024ರಲ್ಲಿ ವೆಸ್ಟರ್ನ್ ಡಿಜಿಟಲ್ 6 ಟಿಬಿಯದು ತಂದಾಗ ಅದೇ ದೊಡ್ಡ ಸುದ್ದಿಯಾಯಿತು. ಲೋಕದ ಎಂಜಿನಿಯರುಗಳೆಲ್ಲ ಆರಕ್ಕೆ ಏದುಸಿರು ಬಿಡುತ್ತಿರುವಾಗ ನಮ್ಮ ಭಾವನಿಗೆ ಮಾತ್ರ ಹದಿನಾರು, ಅದೂ ಕುಟುಂಬ ಸಮೇತ ಮಸಾಲೆ ದೋಸೆ ತಿಂದ ಬಿಲ್ಲಿಗೆ! ಇಂಥ ಡಬ್ಬಿಗಳನ್ನು ಬಿಚ್ಚಿ ನೋಡಿದವರಿಗೆ ಒಳಗೆ ಸಿಕ್ಕಿದ್ದು ಮೊಬೈಲಿಗೆ ಹಾಕುವ ಮೆಮೊರಿ ಕಾರ್ಡು, ಅದಕ್ಕೊಂದಿಷ್ಟು ಗೋಂದು. ಅದರ ಚಿಪ್ಪಿಗೆ ಸುಳ್ಳು ಹೇಳುವುದನ್ನು ಕಲಿಸಿರುತ್ತಾರೆ. ಲ್ಯಾಪ್‌ಟಾಪು "ನಿನ್ನಲ್ಲಿ ಎಷ್ಟು ಜಾಗ ಇದೆ?" ಎಂದು ಕೇಳಿದರೆ "ಹದಿನಾರು ಟಿಬಿ" ಎಂದು ಕಣ್ಣು ಮಿಟುಕಿಸದೆ ಹೇಳುತ್ತದೆ. ಮೊದಲ ಅರವತ್ತು ಜಿಬಿ ಸಲೀಸಾಗಿ ಹೋಗುತ್ತದೆ, ತೆರೆದು ನೋಡಿದರೆ ಫೋಟೊಗಳೂ ಕಾಣುತ್ತವೆ. ಆಮೇಲೆ ಹಾಕಿದ್ದೆಲ್ಲ ಹಳೆಯದರ ಮೇಲೇ ಕೂರುತ್ತದೆ ಅಥವಾ ಎಲ್ಲೂ ಕೂರುವುದಿಲ್ಲ. ಫೈಲುಗಳ ಹೆಸರು ಸಾಲಾಗಿ ಇರುತ್ತವೆ, ಒಳಗೆ ಹೂರಣವಿಲ್ಲ. ಅನುಮಾನವಿದ್ದವರು ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶವನ್ನು ಓಡಿಸಬೇಕು. ಡಿಸ್ಕನ್ನು ಕಂಠಪೂರ್ತಿ ತುಂಬಿಸಿ, ತುಂಬಿಸಿದ್ದನ್ನು ಮತ್ತೆ ಓದಿ, ಸುಳ್ಳು ಎಷ್ಟು ಜಿಬಿಯಲ್ಲಿ ಶುರುವಾಯಿತು ಎಂದು ಅದು ಹೇಳುತ್ತದೆ. ಇಷ್ಟನ್ನು ವಿವರಿಸಿದ ಮೇಲೂ ಭಾವ, "ಅರವತ್ತು ಜಿಬಿ ಆದರೂ ಇರತ್ತಲ್ಲ" ಎಂದು ಸ್ವಲ್ಪ ಹೊತ್ತು ಯೋಚಿಸಿದರು.

ಬೆಲೆ ಯಾಕೆ ಏಳು ಸಾವಿರಕ್ಕಿಂತ ಇಳಿಯುವುದಿಲ್ಲ ಎಂಬುದು ಅವರ ಮುಂದಿನ ತಕರಾರು. ನಾನು ಇತಿಹಾಸಕ್ಕೆ ಕೈಹಾಕಿದೆ. 1956ರಲ್ಲಿ ಐಬಿಎಂ ಕಂಪನಿ ಮೊದಲ ಹಾರ್ಡ್ ಡಿಸ್ಕ್ ಯಂತ್ರವನ್ನು ಹೊರತಂದಾಗ ಅದರಲ್ಲಿ 24 ಇಂಚಿನ 50 ತಟ್ಟೆಗಳಿದ್ದವು, ತೂಕ ಒಂದು ಟನ್ನಿಗೂ ಮೇಲೆ, ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಸೆಲ್ಫಿಗೆ ಅದು ಸಾಲುತ್ತಿತ್ತೋ ಇಲ್ಲವೋ. ಅದನ್ನು ಬಾಡಿಗೆಗೆ ಕೊಡುತ್ತಿದ್ದರು, ಇಡೀ ಗಣಕಕ್ಕೆ ಸೇರಿ ತಿಂಗಳಿಗೆ 3,200 ಡಾಲರ್. 1980ರಲ್ಲಿ ಸೀಗೇಟ್ ಅಷ್ಟನ್ನೇ ಒಂದು ಕೈಯಲ್ಲಿ ಎತ್ತುವ ಗಾತ್ರಕ್ಕೆ ಇಳಿಸಿ 1,500 ಡಾಲರಿಗೆ ಮಾರಿತು. "ನೋಡಿ ಭಾವ, ಐದು ಎಂಬಿಗೆ 1,500 ಡಾಲರ್ ಕೊಟ್ಟವರು ಇದ್ದರು" ಎಂದೆ, ಸಮಾಧಾನವಾಗಲಿ ಎಂದು. "ಅವರೆಲ್ಲ ಈಗ ಎಲ್ಲಿದ್ದಾರೆ?" ಎಂದು ಕೇಳಿದರು. ಸಾಲ ಕೊಟ್ಟವರ ದನಿ.

ಬ್ರ್ಯಾಂಡಿನ ಜಗಳ ಇನ್ನೊಂದು ಪುರಾಣ. ಒಬ್ಬರ ಸೀಗೇಟ್ ಕೆಟ್ಟಿರುತ್ತದೆ, ಅವರು ಜೀವಮಾನದಲ್ಲಿ ಸೀಗೇಟ್ ಮುಟ್ಟುವುದಿಲ್ಲ. ಅವರ ಷಡ್ಡಕನ ವೆಸ್ಟರ್ನ್ ಡಿಜಿಟಲ್ ಕೆಟ್ಟಿರುತ್ತದೆ, ಆತ ಸೀಗೇಟ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಹಬ್ಬಕ್ಕೆ ಇಬ್ಬರೂ ಸೇರಿದರೆ ಒಬ್ಬಟ್ಟು ಆರಿ ಹೋದರೂ ವಾದ ಆರುವುದಿಲ್ಲ. ನಿಜ ಏನೆಂದರೆ ಹಾರ್ಡ್ ಡಿಸ್ಕ್ ತಯಾರಿಸುವವರು ಈಗ ಭೂಮಿಯ ಮೇಲೆ ಉಳಿದಿರುವುದೇ ಮೂವರು: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ಐಬಿಎಂ ತನ್ನ ಡಿಸ್ಕ್ ವ್ಯವಹಾರವನ್ನು ಹಿಟಾಚಿಗೆ ಮಾರಿತು, ಹಿಟಾಚಿ 2012ರಲ್ಲಿ ವೆಸ್ಟರ್ನ್ ಡಿಜಿಟಲ್ ಪಾಲಾಯಿತು. ಸ್ಯಾಮ್‌ಸಂಗಿನ ಹಾರ್ಡ್ ಡಿಸ್ಕ್ ವಿಭಾಗ 2011ರಲ್ಲಿ ಸೀಗೇಟ್ ಮನೆ ಸೇರಿತು. ಮಿಕ್ಕ ಹೆಸರುಗಳ ಡಬ್ಬಿ ಬಿಚ್ಚಿದರೆ ಒಳಗಿರುವ ಡಿಸ್ಕು ಈ ಮೂವರಲ್ಲಿ ಒಬ್ಬರದೇ. ಮೂವರದೂ ಕೆಡುತ್ತದೆ, ಮೂವರದೂ ವರ್ಷಗಟ್ಟಲೆ ನಡೆಯುತ್ತದೆ. ಆ ದಿನ ಯಾವುದು ಕಡಿಮೆಗೆ ಸಿಗುತ್ತದೋ ಅದನ್ನು ತೆಗೆದುಕೊಳ್ಳಿ ಎಂದರೆ ಇಬ್ಬರು ಷಡ್ಡಕರಿಗೂ ನನ್ನ ಮೇಲೆ ಕೋಪ.

ಈ ಮೂವರ ಕಾರ್ಖಾನೆಗೆ ಸೀನು ಬಂದರೆ ಲೋಕಕ್ಕೆ ನೆಗಡಿ. 2011ರಲ್ಲಿ ಥಾಯ್ಲೆಂಡಿನಲ್ಲಿ ಭಾರಿ ನೆರೆ ಬಂದು ವೆಸ್ಟರ್ನ್ ಡಿಜಿಟಲ್ ಕಾರ್ಖಾನೆಯೊಳಗೆ ನೀರು ನಿಂತಿತು, ಬಿಡಿ ಹಾರ್ಡ್ ಡಿಸ್ಕುಗಳ ಬೆಲೆ ಎರಡು ಪಟ್ಟಿಗೂ ಮೇಲೆ ಜಿಗಿಯಿತು. ಆಗ ಒಂದು ತಮಾಷೆ ನಡೆಯಿತು. ಜನರ ಡೇಟಾ ಕಾಪಾಡುವುದೇ ಕಸುಬಾದ ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಕಂಪನಿಗೆ ಸಗಟಿನಲ್ಲಿ ಡಿಸ್ಕ್ ಹುಟ್ಟದಾಯಿತು. ಅಂಗಡಿಗಳಲ್ಲಿ ಎಕ್ಸ್‌ಟರ್ನಲ್ ಡಿಸ್ಕು ಮಾತ್ರ ಇನ್ನೂ ಕೈಗೆಟಕುವ ಬೆಲೆಗೆ ಸಿಗುತ್ತಿತ್ತು. ತಲೆಗೆ ಎರಡೇ ಎಂದು ಅಂಗಡಿಯವರು ಬೋರ್ಡು ಹಾಕಿದರು. ಕಂಪನಿಯ ನೌಕರರು, ಅವರ ಮನೆಯವರು, ಸ್ನೇಹಿತರು ಊರೂರು ಸುತ್ತಿ ಎರಡೆರಡು ಕೊಂಡು ತಂದು, ಡಬ್ಬಿ ಒಡೆದು, ಒಳಗಿನ ತಿರುಳನ್ನು ತೆಗೆದು ತಮ್ಮ ಯಂತ್ರಗಳಿಗೆ ಜೋಡಿಸಿದರು. ರೇಷನ್ ಅಂಗಡಿಯ ಕ್ಯೂ ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದ ಭಾವನಿಗೆ ಈ ಕಥೆ ಬಹಳ ಹಿಡಿಸಿತು.

ಎಸ್‌ಎಸ್‌ಡಿ ತಗೊಳ್ಳಲೇ ಎಂದು ನಡುವೆ ಒಂದು ದಿನ ಕೇಳಿದರು. ಅಳಿಯ ಹೇಳಿಕೊಟ್ಟಿದ್ದ. ತಪ್ಪಲ್ಲ. ಅದರೊಳಗೆ ತಿರುಗುವ ತಟ್ಟೆಯಿಲ್ಲ, ಕೈಜಾರಿ ಬಿದ್ದರೂ ಬದುಕುವ ಸಂಭವ ಹೆಚ್ಚು, ಒಳ್ಳೆಯದಾದರೆ ಸೆಕೆಂಡಿಗೆ ಸಾವಿರ ಎಂಬಿ ನುಂಗುತ್ತದೆ. ಹಾರ್ಡ್ ಡಿಸ್ಕು ನೂರು, ನೂರಿಪ್ಪತ್ತರಲ್ಲಿ ಸಾಗುತ್ತದೆ. ಆದರೆ ಅಷ್ಟೇ ಟಿಬಿಗೆ ಎಸ್‌ಎಸ್‌ಡಿ ಎರಡು ಮೂರು ಪಟ್ಟು ದುಡ್ಡು ಕೇಳುತ್ತದೆ. ದಿನವೂ ವಿಡಿಯೊ ಎಡಿಟ್ ಮಾಡುವವರಿಗೆ, ಬೆನ್ನಿಗೆ ಚೀಲ ಹಾಕಿಕೊಂಡು ಊರೂರು ಅಲೆಯುವವರಿಗೆ ಅದು ಬೇಕು. ಒಮ್ಮೆ ತುಂಬಿಸಿ ಬೀರುವಿನಲ್ಲಿ ರೇಷ್ಮೆ ಸೀರೆಯ ಪಕ್ಕ ಇಡುವವರಿಗೆ ಯಾಕೆ? ಅದೂ ಅಲ್ಲದೆ ಎಸ್‌ಎಸ್‌ಡಿ ತನ್ನ ನೆನಪನ್ನು ವಿದ್ಯುತ್ತಿನ ಹುಂಡುಗಳಲ್ಲಿ ಇಟ್ಟುಕೊಳ್ಳುತ್ತದೆ. ವರ್ಷಗಟ್ಟಲೆ ಕರೆಂಟು ಕಾಣಿಸದೆ ಮೂಲೆಗಿಟ್ಟರೆ ಅದು ನಿಧಾನಕ್ಕೆ ಸೋರುತ್ತದೆ. ಅಯಸ್ಕಾಂತದ ಮೇಲೆ ಬರೆದದ್ದಕ್ಕೆ ಆ ತಾಪತ್ರಯ ಕಡಿಮೆ. ಬೀರುವಿಗೆ ಹಾರ್ಡ್ ಡಿಸ್ಕೇ ಸರಿ ಎಂಬುದು ನನ್ನ ತೀರ್ಪು. ಅಳಿಯ ಮುಖ ಸಿಂಡರಿಸಿದರೂ ಮಾವನ ಮುಖ ಅರಳಿತು.

ಮೇಜಿನ ಮೇಲೆ ಕೂರುವ ಮೂರೂವರೆ ಇಂಚಿನ ದೊಡ್ಡಣ್ಣನೂ ಒಬ್ಬನಿದ್ದಾನೆ. ಟಿಬಿಯ ಲೆಕ್ಕದಲ್ಲಿ ಅಗ್ಗ, ಆದರೆ ಲ್ಯಾಪ್‌ಟಾಪಿನ ಕೇಬಲ್ಲು ಅವನ ಹೊಟ್ಟೆಗೆ ಸಾಲದು, ಗೋಡೆಗೆ ಬೇರೆ ಅಡಾಪ್ಟರ್ ಸಿಕ್ಕಿಸಬೇಕು. ನಾಲ್ಕೈದು ವರ್ಷಕ್ಕೆ ಆ ಅಡಾಪ್ಟರ್ ಎಲ್ಲಿ ಹೋಯಿತೆಂದು ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಲ್ಯಾಪ್‌ಟಾಪಿನವರಿಗೆ ಎರಡೂವರೆ ಇಂಚಿನದೇ ವಾಸಿ.

ನಿಜವಾಗಿ ಅಗ್ಗದ ದಾರಿ ಬೇರೊಂದಿದೆ, ಅದನ್ನು ಯಾರೂ ಕೇಳುವುದಿಲ್ಲ. ಹಳೆಯ ಲ್ಯಾಪ್‌ಟಾಪ್ ಮಂಚದ ಕೆಳಗೆ ಬಿದ್ದಿದ್ದರೆ ಅದರೊಳಗಿನ ಹಾರ್ಡ್ ಡಿಸ್ಕನ್ನು ತೆಗೆಸಿ, ಕೆಲವು ನೂರು ರೂಪಾಯಿಯ ಕೇಸಿಂಗಿಗೆ ಹಾಕಿದರೆ ಎಕ್ಸ್‌ಟರ್ನಲ್ ಡಿಸ್ಕು ಹುಟ್ಟುತ್ತದೆ. ಎರಡನೇ ಪ್ರತಿ ಇಡಲು ಧಾರಾಳವಾಗಿ ಸಾಕು. ಹಾಗೆ ಮಾಡುವ ಮುಂಚೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ತಂತ್ರಾಂಶದಲ್ಲಿ ಅದು ಎಷ್ಟು ಗಂಟೆ ದುಡಿದಿದೆ, ಎಲ್ಲಾದರೂ ಬೊಕ್ಕೆ ಎದ್ದಿದೆಯೇ ನೋಡಿಕೊಳ್ಳಬೇಕು. ಭಾವನ ಹಳೆಯ ಲ್ಯಾಪ್‌ಟಾಪನ್ನು ಅವರು ಎಕ್ಸ್‌ಚೇಂಜ್ ಆಫರಿನಲ್ಲಿ ಮಿಕ್ಸಿಗೆ ಕೊಟ್ಟಿದ್ದರು. ಅದರೊಳಗೆ ಏನೇನಿತ್ತೋ ಆ ಮಿಕ್ಸಿಗೇ ಗೊತ್ತು.

ಕಡೆಗೆ ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೊರಟೆವು. ಸಾದರ ಪತ್ರಪ್ಪ ರಸ್ತೆ ಎಂದು ಪೂರ್ತಿ ಹೆಸರು ಹೇಳಿದರೆ ಆಟೊದವನು ತಿರುಗಿ ನೋಡುತ್ತಾನೆ, ಎಸ್‌.ಪಿ. ರೋಡ್ ಅಂದರೆ ತಕ್ಷಣ ಮೀಟರಿನ ಮೇಲೆ ಎಷ್ಟು ಜಾಸ್ತಿ ಅನ್ನುವುದನ್ನು ಹೇಳುತ್ತಾನೆ. ಅಲ್ಲಿ ಇಬ್ಬರು ಎದುರು ಬದುರಾಗಿ ನಡೆಯಲು ಜಾಗವಿಲ್ಲದ ಕಡೆ ಮೂರು ಸ್ಕೂಟರು, ಒಂದು ತಳ್ಳುಗಾಡಿ, ತಲೆಯ ಮೇಲೆ ಎರಡು ಮಾನಿಟರ್ ಹೊತ್ತ ಹುಡುಗ. ನಾವು ಹೋದ ಅಂಗಡಿ ಕಿರಿದಾದ ಮೆಟ್ಟಿಲಿನ ಮೇಲಿತ್ತು. ಗಾಜಿನ ಕೌಂಟರಿನ ಮೇಲೆ ಮಾಲೀಕ ಮೂರು ಡಬ್ಬಿ ಇಟ್ಟ.

"ಒಂದು ಟಿಬಿ ಸಾಕು" ಎಂದರು ಭಾವ. ನಾನು ಕಾಲು ತುಳಿದೆ. ಮೋಟಾರು, ಡಬ್ಬಿ, ಕೇಬಲ್ಲು, ಸಾಗಣೆ ಇವುಗಳ ಖರ್ಚು ಒಂದು ಟಿಬಿಗೂ ಎರಡು ಟಿಬಿಗೂ ಹೆಚ್ಚುಕಡಿಮೆ ಒಂದೇ, ಹಾಗಾಗಿ ಜಾಗ ಇಮ್ಮಡಿಯಾದರೂ ಬೆಲೆ ಇಮ್ಮಡಿಯಾಗುವುದಿಲ್ಲ. ಅತಿ ಚಿಕ್ಕದು ಕೊಂಡವನು ಟಿಬಿಯ ಲೆಕ್ಕದಲ್ಲಿ ಅತಿ ದುಬಾರಿ ಕೊಂಡಿರುತ್ತಾನೆ. ಬಡ್ಡಿ ಲೆಕ್ಕ ನೆತ್ತರಿನಲ್ಲೇ ಇರುವ ಭಾವನಿಗೆ ಇದು ಥಟ್ಟನೆ ಹೊಳೆಯಿತು. "ಎರಡು ಟಿಬಿ ತೆಗಿ" ಎಂದರು.

"ಕೇಬಲ್ ಫ್ರೀ ತಾನೇ?"

"ಡಬ್ಬಿ ಒಳಗೇ ಇದೆ ಸಾರ್."

"ನಮ್ಮ ಮನೇಲಿ ಕೇಬಲ್ ಬೇಕಾದಷ್ಟಿದೆ. ಇದನ್ನ ನೀನೇ ಇಟ್ಕೊಂಡು ರೇಟ್ ಇಳಿಸು."

ಅಂಗಡಿಯವನು ನನ್ನ ಕಡೆ ನೋಡಿದ. ನಾನು ಪಂಖದ ಕಡೆ ನೋಡಿದೆ. ಆ ಕೇಬಲ್ಲಿನ ಒಂದು ತುದಿ ಅಗಲವಾಗಿ, ಚಪ್ಪಟೆಯಾಗಿ, ನಡುವೆ ಕಚ್ಚು ಬಿದ್ದು ಎರಡು ಭಾಗವಾಗಿರುತ್ತದೆ. ಭಾವನ ಮನೆಯ ಮೊಬೈಲ್ ಕೇಬಲ್ಲುಗಳಲ್ಲಿ ಅಂಥದ್ದು ಒಂದೂ ಇಲ್ಲ. ಹಳೆಯ ಸಣ್ಣ ಮೊಬೈಲ್ ಕೇಬಲ್ಲು ಅದರ ಅರ್ಧ ಬಾಯಿಗೆ ಹಿಡಿಸುತ್ತದೆ, ಆದರೆ ವೇಗ ಹಳೆಯ ಯುಎಸ್‌ಬಿ 2ಕ್ಕೆ ಇಳಿಯುತ್ತದೆ. ಆ ಹಾದಿಯಲ್ಲಿ 500 ಜಿಬಿ ಸಾಗಲು ನಾಲ್ಕು ಗಂಟೆ, ಸರಿಯಾದ ಹಾದಿಯಲ್ಲಿ ಒಂದೂಕಾಲು ಗಂಟೆ. ಲ್ಯಾಪ್‌ಟಾಪಿನಲ್ಲೂ ಒಳಗೆ ನೀಲಿ ನಾಲಿಗೆ ಇರುವ ತೂತು ಹುಡುಕಿ ಸಿಕ್ಕಿಸಬೇಕು. ಯುಎಸ್‌ಬಿ 3.0 ಅಂದದ್ದನ್ನು ಆಮೇಲೆ 3.1 ಜೆನ್ 1 ಅಂದರು, ಅದನ್ನೇ 3.2 ಜೆನ್ 1 ಅಂದರು. ಮೂರಕ್ಕೂ ವೇಗ ಒಂದೇ. ಡಬ್ಬಿಯ ಮೇಲೆ ದೊಡ್ಡ ಸಂಖ್ಯೆ ಇದೆಯೆಂದು ಐನೂರು ರೂಪಾಯಿ ಹೆಚ್ಚು ಕೊಡುವವರು ಅದನ್ನು ನನಗೆ ಕೊಡಬಹುದು.

"ಬಿಲ್ ಬೇಕಾ, ಬೇಡ್ವಾ?" ಎಂದು ಕೇಳಿದ ಅಂಗಡಿಯವನು. ಬೇಡ ಅಂದರೆ ಕೆಲವು ನೂರು ಇಳಿಯುತ್ತದೆ. ಭಾವನ ಕಣ್ಣು ಮಿಂಚಿತು, ಆದರೆ ಒಳಗಿನ ಮ್ಯಾನೇಜರ್ ಎದ್ದು ಕೂತ. ಬಿಲ್ಲಿಲ್ಲದೆ ವಾರಂಟಿ ಇಲ್ಲ, ವಾರಂಟಿಯಿಲ್ಲದ ಡಿಸ್ಕು ಜಾಮೀನಿಲ್ಲದ ಸಾಲ ಎಂದು ಅವರೇ ಭಾಷಣ ಮಾಡಿದರು. ಡಬ್ಬಿಯ ಮೇಲಿನ ಸೀರಿಯಲ್ ನಂಬರನ್ನು ತಯಾರಕರ ಜಾಲತಾಣದಲ್ಲಿ ಹಾಕಿ, ಭಾರತಕ್ಕೆ ವಾರಂಟಿ ಇದೆಯೋ ಹೊರದೇಶದಿಂದ ಸೂಟ್‌ಕೇಸಿನಲ್ಲಿ ಬಂದ ಮಾಲೋ ಎಂದು ಅಲ್ಲೇ ನಿಂತು ನೋಡಿದೆವು. ಅಂಗಡಿಯವನಿಗೆ ಬೇಸರವಾಯಿತು, ಆಗಲಿ. ಒಂದು ಮಾತು ಮಾತ್ರ ಅಲ್ಲಿ ಹೇಳಲಿಲ್ಲ, ದಾರಿಯಲ್ಲಿ ಹೇಳಿದೆ. ವಾರಂಟಿ ಇರುವುದು ಡಬ್ಬಿಗೆ, ಒಳಗಿನ ಮದುವೆಗಲ್ಲ. ಕೆಟ್ಟರೆ ಬೇರೆ ಡಿಸ್ಕ್ ಕೊಡುತ್ತಾರೆ, ಅದೂ ಕೆಲವು ಸಲ ರಿಪೇರಿಯಾಗಿ ಬಂದದ್ದು, ಖಾಲಿ.

ಮನೆಗೆ ಬಂದು ಸಿಕ್ಕಿಸಿದರೆ ಲ್ಯಾಪ್‌ಟಾಪು 1.81 ಟಿಬಿ ಎಂದು ತೋರಿಸಿತು. ಭಾವ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. "ಹತ್ತೊಂಬತ್ತು ಪೈಸೆ ಕಮ್ಮಿ" ಎಂದರು. ವಾಪಸ್ ಹೋಗೋಣ ನಡಿ ಎಂದು ಚಪ್ಪಲಿ ಹಾಕಿಕೊಂಡೂ ಆಯಿತು. ಯಾರೂ ಕದ್ದಿಲ್ಲ. ತಯಾರಕರು ಸಾವಿರ ಸಾವಿರವಾಗಿ ಎಣಿಸುತ್ತಾರೆ, ಎರಡರ ಮುಂದೆ ಹನ್ನೆರಡು ಸೊನ್ನೆ ಬೈಟು ಅವರ ಎರಡು ಟಿಬಿ. ವಿಂಡೋಸ್ 1,024ರ ಕಟ್ಟಿನಲ್ಲಿ ಎಣಿಸುತ್ತದೆ, ಅದರ ಲೆಕ್ಕಕ್ಕೆ 1.81. ಒಂದು ಟಿಬಿಯದಾದರೆ 931 ಜಿಬಿ ಎಂದು ತೋರಿಸುತ್ತದೆ. ನಂಬಲಿಲ್ಲ. ಅಷ್ಟರಲ್ಲಿ ಬಂದ ಅಳಿಯ ಅದೇ ಡಿಸ್ಕನ್ನು ತನ್ನ ಮ್ಯಾಕಿಗೆ ಸಿಕ್ಕಿಸಿದ. ಮ್ಯಾಕು 2009ರಿಂದಲೂ ತಯಾರಕರ ಹಾಗೇ ಎಣಿಸುವುದರಿಂದ ಪೂರ್ತಿ ಎರಡು ಟಿಬಿ ಕಾಣಿಸಿತು. ಭಾವ ಅಳಿಯನನ್ನು ಮೊದಲ ಸಲ ಗೌರವದಿಂದ ನೋಡಿದರು. ಮದುವೆಯಲ್ಲೂ ಹಾಗೆ ನೋಡಿರಲಿಲ್ಲ.

ಗೌರವ ಐದು ನಿಮಿಷ ಬಾಳಿತು. ಅಳಿಯನ ಮ್ಯಾಕಿನಿಂದ ಹನಿಮೂನಿನ ಫೋಟೊ ಅದಕ್ಕೆ ಹಾಕಲು ಹೋದರೆ ಆಗಲಿಲ್ಲ. ಎನ್‌ಟಿಎಫ್‌ಎಸ್ ಎಂಬ ವಿಂಡೋಸಿನ ಕಟ್ಟುಪಾಡಿನಲ್ಲಿರುವ ಡಿಸ್ಕನ್ನು ಮ್ಯಾಕು ಓದುತ್ತದೆ, ಬರೆಯುವುದಿಲ್ಲ. ಎರಡೂ ಮನೆಯಲ್ಲಿ ಓಡಾಡಬೇಕಾದರೆ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಬೇಕು, ಏನನ್ನೂ ತುಂಬಿಸುವ ಮುಂಚೆಯೇ ಮಾಡಬೇಕು. ಹಳೆಯ ಫ್ಯಾಟ್32 ಮಾಡಿದರೆ 4 ಜಿಬಿಗಿಂತ ದೊಡ್ಡ ಫೈಲು ಹಿಡಿಸದು, ಧಾರೆ ಎರೆಯುವ ವಿಡಿಯೊ ಹೊಸ್ತಿಲಲ್ಲೇ ನಿಲ್ಲುತ್ತದೆ.

ಅಂತೂ ಫೋಟೊಗ್ರಾಫರ್ ತುಂಬಿಸಿಕೊಟ್ಟ. ಶುರುವಿನಲ್ಲಿ ಸರಸರ ಸಾಗಿದ್ದು ಆಮೇಲೆ ಆಮೆನಡಿಗೆ ಆಯಿತು ಎಂದು ಗೊಣಗಿದನಂತೆ. ಅದಕ್ಕೆ ಕಾರಣವಿದೆ. ಒಂದು ಟಿಬಿಗೂ ಮೇಲಿನ ಪುಟ್ಟ ಡಿಸ್ಕುಗಳಲ್ಲಿ ಬಹುಪಾಲು ಈಗ ಮಾಹಿತಿಯ ಸಾಲುಗಳನ್ನು ಮಂಗಳೂರು ಹೆಂಚು ಹೊದಿಸಿದಂತೆ ಒಂದರ ಅಂಚಿನ ಮೇಲೆ ಇನ್ನೊಂದನ್ನು ಇಡುತ್ತವೆ. ಅದೇ ಜಾಗದಲ್ಲಿ ಹೆಚ್ಚು ಹಿಡಿಸುತ್ತದೆ, ಬೆಲೆ ಇಳಿಯುವುದೂ ಇದರಿಂದಲೇ. ಆದರೆ ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಅದರ ಮೇಲಿನ ಸಾಲನ್ನೆಲ್ಲ ತೆಗೆದು ಮತ್ತೆ ಹೊದಿಸಬೇಕು. ಅದಕ್ಕೇ ಮೇಲಿಂದ ಮೇಲೆ ಬರೆದರೆ ಏದುಸಿರು. 2020ರಲ್ಲಿ ವೆಸ್ಟರ್ನ್ ಡಿಜಿಟಲ್, ಸದಾ ದುಡಿಯಬೇಕಾದ ತನ್ನ ಕೆಲವು ಕೆಂಪು ಲೇಬಲ್ಲಿನ ಡಿಸ್ಕುಗಳಲ್ಲಿ ಹೇಳದೆ ಕೇಳದೆ ಇದೇ ಹೆಂಚಿನ ಕೆಲಸ ಮಾಡಿದ್ದು ಬಯಲಾಗಿ ಗ್ರಾಹಕರು ಕೋರ್ಟಿಗೆ ಹೋಗಿದ್ದರು. ಒಮ್ಮೆ ತುಂಬಿಸಿ ಇಡುವ ನಮ್ಮಂಥವರಿಗೆ ಇದರಿಂದ ತೊಂದರೆಯಿಲ್ಲ, ಇನ್ನೊಂದು ಕಾಫಿ ಕುಡಿಯುವಷ್ಟು ಹೊತ್ತು ಕಾಯಬೇಕು ಅಷ್ಟೆ.

ತುಂಬಿದ ಡಿಸ್ಕನ್ನು ಭಾವ ಟಿವಿಯ ಮೇಲಿನ ಸ್ಟ್ಯಾಂಡಿನಲ್ಲಿ ಪ್ರತಿಷ್ಠಾಪಿಸಿದರು. ಆಯುಧಪೂಜೆಯ ದಿನ ನಾನು ಹೋದಾಗ ಅದಕ್ಕೆ ಅರಿಶಿನ ಕುಂಕುಮ ಬಿದ್ದಿತ್ತು, ಮೇಲೊಂದು ಸೇವಂತಿಗೆ. ಅಕ್ಕ ಆರತಿ ಎತ್ತಿ, ಕಾರು, ಸ್ಕೂಟರುಗಳಿಗೆ ಪ್ರೋಕ್ಷಣೆ ಮಾಡಿದ ನೀರಿನ ಪಂಚಪಾತ್ರೆ ಹಿಡಿದು ಅದರ ಕಡೆ ತಿರುಗಿದಾಗ ನಾನು ಜಿಗಿದು ಕೈ ಹಿಡಿದೆ. ಡಿಸ್ಕಿನೊಳಗೆ ತಟ್ಟೆ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ, ಅದರ ಮೇಲೆ ಓದುವ ಮೊನೆ ಕೆಲವೇ ನ್ಯಾನೋಮೀಟರ್ ಅಂತರದಲ್ಲಿ ತೇಲುತ್ತದೆ. ತಲೆಗೂದಲಿನ ದಪ್ಪ ಸುಮಾರು 80 ಸಾವಿರ ನ್ಯಾನೋಮೀಟರ್, ಲೆಕ್ಕ ಹಾಕಿಕೊಳ್ಳಿ. ಅಂಥ ಮೊನೆ ಓದುವಂತಾದದ್ದರ ಹಿಂದಿನ ಭೌತವಿಜ್ಞಾನಕ್ಕೆ ಆಲ್ಬರ್ಟ್ ಫೆರ್ಟ್, ಪೀಟರ್ ಗ್ರೂನ್‌ಬರ್ಗ್ ಇಬ್ಬರಿಗೆ 2007ರಲ್ಲಿ ನೊಬೆಲ್ ಬಂತು. ಓಡುತ್ತಿರುವಾಗ ಡಿಸ್ಕನ್ನು ಎತ್ತಿ ಕುಕ್ಕಿದರೆ ಆ ಮೊನೆ ತಟ್ಟೆಯನ್ನು ಕೆರೆಯುತ್ತದೆ, ಟಕ್ ಟಕ್ ಸದ್ದು ಶುರುವಾಗುತ್ತದೆ. ಆಗ ಫ್ರಿಜ್ಜಿನಲ್ಲಿಡು, ಅಕ್ಕಿ ಡಬ್ಬದಲ್ಲಿಡು ಎನ್ನುವವರ ಮಾತು ಕೇಳದೆ ತಕ್ಷಣ ಕೇಬಲ್ ಕಿತ್ತು ಸುಮ್ಮನಿಡಬೇಕು. ಡೇಟಾ ಮರಳಿ ತೆಗೆಯುವ ಪ್ರಯೋಗಾಲಯದವರು ಕೇಳುವ ಹಣ ಹತ್ತಾರು ಸಾವಿರ. ಅಗ್ಗದ ಡಿಸ್ಕು ದುಬಾರಿಯಾಗುವುದು ಅಲ್ಲಿ.

ಅದಕ್ಕೇ ನಾನು ಹೊಡೆದುಕೊಳ್ಳುವುದು, ಜಂಬದ ಒಂದರ ಬದಲು ಸಾದಾ ಎರಡು ಕೊಳ್ಳಿ ಎಂದು. ಲ್ಯಾಪ್‌ಟಾಪಿನಲ್ಲಿ ಜಾಗವಿಲ್ಲವೆಂದು ಅಲ್ಲಿಂದ ಅಳಿಸಿ ಡಿಸ್ಕಿಗೆ ಹಾಕಿ, ಬ್ಯಾಕಪ್ ಮಾಡಿದೆ ಎಂದು ಮೀಸೆ ತಿರುವುವವರೇ ಎಲ್ಲ ಕಡೆ. ಅದು ಬ್ಯಾಕಪ್ ಅಲ್ಲ, ಮನೆ ಬದಲಾವಣೆ. ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಬೇರೆ ಮನೆಯಲ್ಲಿ ಎಂಬುದು ಕಸುಬಿನವರ ಸೂತ್ರ. ನಮ್ಮಂಥವರು ಎರಡಾದರೂ ಇಡಬಾರದೇ? 1998ರಲ್ಲಿ ಪಿಕ್ಸಾರ್ ಸ್ಟುಡಿಯೊದಲ್ಲಿ ಯಾರೋ ಕೊಟ್ಟ ಒಂದು ಅಳಿಸುವ ಆಜ್ಞೆಗೆ 'ಟಾಯ್ ಸ್ಟೋರಿ 2' ಚಿತ್ರದ ಬಹುಭಾಗ ಕಣ್ಣೆದುರೇ ಮಾಯವಾಯಿತು, ಬ್ಯಾಕಪ್ ಟೇಪುಗಳೂ ಕೈಕೊಟ್ಟವು. ಗೇಲಿನ್ ಸಸ್ಮನ್ ಎಂಬ ತಂತ್ರಜ್ಞೆ ಬಾಣಂತನದ ದಿನಗಳಲ್ಲಿ ಮನೆಯಿಂದ ಕೆಲಸ ಮಾಡಲೆಂದು ಒಂದು ಪ್ರತಿ ಇಟ್ಟುಕೊಂಡಿದ್ದರು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಜೋಪಾನವಾಗಿ ತಂದು ಸಿನಿಮಾ ಉಳಿಸಿಕೊಂಡರು. ಹಸುಗೂಸೊಂದು ಇಷ್ಟು ದೊಡ್ಡ ಕಂಪನಿಗೆ ಕಾಲ್ಗುಣ ತಂದ ಉದಾಹರಣೆ ಬೇರೆ ಇರಲಾರದು. ಇನ್ನೊಬ್ಬರು ವೇಲ್ಸ್ ದೇಶದ ನ್ಯೂಪೋರ್ಟಿನ ಜೇಮ್ಸ್ ಹೊವೆಲ್ಸ್. ಸುಮಾರು 8,000 ಬಿಟ್‌ಕಾಯಿನ್‌ಗಳ ಕೀಲಿಯಿದ್ದ ಅವರ ಹಾರ್ಡ್ ಡಿಸ್ಕು 2013ರಲ್ಲಿ ಕಸಕ್ಕೆ ಹೋಯಿತು. ಪುರಸಭೆಯ ಕಸದ ಗುಡ್ಡ ಅಗೆಯಲು ಬಿಡಿ ಎಂದು ಕೋರ್ಟು ಹತ್ತಿದರು, 2025ರ ಜನವರಿಯಲ್ಲಿ ನ್ಯಾಯಾಧೀಶರು ದಾವೆಯನ್ನು ವಜಾ ಮಾಡಿದರು. ಪ್ರತಿ ಒಂದೇ ಇತ್ತು. ಇದನ್ನು ಹೇಳುವಾಗ ಭಾವ ಎಂಟು ಸಾವಿರ ಬಿಟ್‌ಕಾಯಿನ್ನಿಗೆ ಎಷ್ಟಾಗುತ್ತದೆ ಎಂದು ಕ್ಯಾಲ್ಕುಲೇಟರ್ ಹುಡುಕುತ್ತಿದ್ದರು. ಸಿಕ್ಕಿದ ಮೇಲೆ ಸೊನ್ನೆಗಳು ಅದರ ಪರದೆಯಲ್ಲಿ ಹಿಡಿಸಲಿಲ್ಲ.

ಮರುದಿನವೇ ಎರಡನೇ ಡಿಸ್ಕ್ ಬಂತು, ಈ ಸಲ ಕೇಬಲ್ಲಿನ ಚೌಕಾಸಿಯಿಲ್ಲದೆ. ಮದುವೆಯ ಈ ಎರಡನೇ ಪ್ರತಿಯನ್ನು ನಮ್ಮ ಮನೆಯಲ್ಲಿಡುವುದೆಂದು ತೀರ್ಮಾನವಾಯಿತು. ಭಾವ ನನ್ನಿಂದ ಸ್ವೀಕೃತಿ ಪತ್ರ ಬರೆಸಿಕೊಂಡರು. ಲಾಕರ್ ಬಾಡಿಗೆ ಎಷ್ಟು ಕೊಡುತ್ತೀರಿ ಎಂದು ಕೇಳಿದ್ದಕ್ಕೆ ಉತ್ತರ ಇನ್ನೂ ಬಂದಿಲ್ಲ.

ಇದನ್ನೆಲ್ಲ ಅಡುಗೆಮನೆಯಿಂದ ಕೇಳುತ್ತಿದ್ದ ಅಕ್ಕ ಕೈ ಒರೆಸಿಕೊಂಡು ಸ್ಟೂಲು ಹತ್ತಿ, ಅಟ್ಟದಿಂದ ಒಂದು ಪ್ಲಾಸ್ಟಿಕ್ ಚೀಲ ಇಳಿಸಿದಳು. ಒಳಗೆ ಕಪ್ಪು ಬಣ್ಣದ ವಿಎಚ್‌ಎಸ್ ಕ್ಯಾಸೆಟ್ಟು. ಬೆನ್ನಿನ ಚೀಟಿಯ ಮೇಲೆ ಅಳಿಸಿ ಹೋಗುತ್ತಿರುವ ಬಾಲ್‌ಪೆನ್ನಿನಲ್ಲಿ ಅವಳ ಹೆಸರು, ಭಾವನ ಹೆಸರು, ಕಲ್ಯಾಣ ಮಂಟಪದ ಹೆಸರು. "ಮಗಳ ಮದುವೆಗೆ ಎರಡು ಡಬ್ಬಿ ಆಯ್ತು. ನಮ್ಮದನ್ನ ಯಾವುದಕ್ಕೆ ಹಾಕ್ತೀರಿ?" ಎಂದಳು. ಭಾವ ಕ್ಯಾಸೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು. ಒಂದು ಕಡೆ ಟೇಪಿಗೆ ಬೂಷ್ಟು ಹಿಡಿದಿತ್ತು. ಅದನ್ನು ಓದುವ ಯಂತ್ರ ನಮ್ಮ ಬಳಗದಲ್ಲಿ ಯಾರ ಮನೆಯಲ್ಲೂ ಉಳಿದಿಲ್ಲ. ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿದ ಮೇಲೆ ಹೊಸದು ಹುಟ್ಟುವ ಮಾತೂ ಇಲ್ಲ.

ಬೆಳಿಗ್ಗೆ ಆರೂವರೆಗೆ ಫೋನು. "ಮಲಗಿದ್ದೀಯೇನೋ? ಸೆಕೆಂಡ್ ಹ್ಯಾಂಡ್ ವಿಸಿಆರ್ ಒಂದು, ಕಂಡಿಷನ್ನಲ್ಲಿರೋದು, ಅಗ್ಗದಲ್ಲಿ ಎಲ್ಲಿ ಸಿಗತ್ತೆ ನೋಡು. ಬಿಲ್ ಇಲ್ದಿದ್ರೂ ಪರವಾಗಿಲ್ಲ."